ನಮ್ಮ ಗಮನಕ್ಕೆ ಬಂದಿಲ್ಲ

ರಸ್ತೆ ಕುಸಿಯಲಿ, ಕಡತ ಕಾಣೆಯಾಗಲಿ, ನಮ್ಮ ಮಂತ್ರಿಗಳ ಬಾಯಲ್ಲಿ ಒಂದು ಉತ್ತರ ಸದಾ ಸಿದ್ಧ: 'ಅದು ನನ್ನ ಗಮನಕ್ಕೆ ಬಂದಿಲ್ಲ, ಪರಿಶೀಲಿಸುತ್ತೇನೆ.' ಕೇಳಿ ನಾವು ನಗುತ್ತೇವೆ. ಕ್ಲೌಡ್ ಕಂಪನಿಗಳು ನಗಲಿಲ್ಲ, ಬಾಯಿಪಾಠ ಮಾಡಿಕೊಂಡವು.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಸೈಬರ್ ದಾಳಿ ಗಮನಕ್ಕೆ ಬಂದ, ಅಥವಾ ಯಾರಾದರೂ ಗಮನಕ್ಕೆ ತಂದ 6 ಗಂಟೆಯೊಳಗೆ ವರದಿ ಮಾಡಬೇಕು. 180 ದಿನಗಳ ಲಾಗ್, ಅಂದರೆ ಕಂಪ್ಯೂಟರುಗಳಲ್ಲಿ ನಡೆದದ್ದರ ದಾಖಲೆ, ಇಟ್ಟಿರಬೇಕು. ಆರು ಗಂಟೆ ಯಾವ ಮೂಲೆಗೂ ಸಾಲದು ಎಂದು ಉದ್ಯಮದವರು ಬಾಯಿ ಬಡಿದುಕೊಂಡರು. ಪಾಪ, ಗಾಬರಿಯಲ್ಲಿ ಸರಿಯಾಗಿ ಓದಿಕೊಳ್ಳಲಿಲ್ಲ. ಗಡಿಯಾರ ಓಡತೊಡಗುವುದು ಕಳ್ಳ ಒಳಗೆ ಕಾಲಿಟ್ಟಾಗಲ್ಲ, ನೀವು ಕಣ್ಣು ಬಿಟ್ಟಾಗ. ಔಟರ್ ರಿಂಗ್ ರೋಡಿನ ಯಾವುದಾದರೂ ಗಾಜಿನ ಕಟ್ಟಡದಲ್ಲಿ ಈ ಸೂಕ್ಷ್ಮ ಬಲ್ಲ ಮ್ಯಾನೇಜರ್ ಒಬ್ಬ ಇದ್ದೇ ಇರುತ್ತಾನೆ.

'ಸಾರ್, ಲಾಗ್ ಎಲ್ಲ ಇಡ್ತಿದ್ದೀವಿ. ನೋಡೋಕೆ ಇನ್ನಿಬ್ಬರು ಬೇಕಿತ್ತು.'

'ಆರ್ಡರ್‌ನಲ್ಲಿ ಏನಿದೆಯಪ್ಪಾ?'

'180 ದಿನ ಇಡಬೇಕು ಅಂತಿದೆ ಸಾರ್.'

'ನೋಡಬೇಕು ಅಂತಿದೆಯಾ?'

ಈ ವಿದ್ಯೆಯ ಗುರುಕುಲ ಇರುವುದು ಅಮೆರಿಕದಲ್ಲಿ. ಕ್ಯಾಪಿಟಲ್ ಒನ್ ಬ್ಯಾಂಕು ಗ್ರಾಹಕರ ವಿವರಗಳನ್ನು ಅಮೆಜಾನಿನ ಕ್ಲೌಡಿನಲ್ಲಿಟ್ಟಿತ್ತು. 2019ರ ಮಾರ್ಚಿನಲ್ಲಿ, ಸೆಟ್ಟಿಂಗ್ ತಪ್ಪಿದ ಫೈರ್‌ವಾಲಿನ ಸಂದಿಯಿಂದ ಸುಮಾರು 10.6 ಕೋಟಿ ಜನರ ಮಾಹಿತಿ ಹೊರಗೆ ಹೋಯಿತು. ಬ್ಯಾಂಕಿಗೆ ಗೊತ್ತಾದದ್ದು ಜುಲೈನಲ್ಲಿ. ಅದೂ ಹೇಗೆ? 'ನಿಮ್ಮದೇನೋ ಗಿಟ್‌ಹಬ್‌ನಲ್ಲಿ ಬಿದ್ದಿದೆ, ನೋಡಿಕೊಳ್ಳಿ' ಎಂಬರ್ಥದ ಇಮೇಲನ್ನು ದಾರಿಹೋಕರೊಬ್ಬರು ಕಳಿಸಿದ್ದರಿಂದ. ನಮ್ಮ ಕಡೆಯಿಂದ ಏನೂ ಸೋರಿಲ್ಲ ಎಂದಿತು ಅಮೆಜಾನ್. 8 ಕೋಟಿ ಡಾಲರ್ ದಂಡ ಕಟ್ಟಿದ್ದು ಬ್ಯಾಂಕು. 'ಹೊಣೆ ಇಬ್ಬರದೂ' ಎಂದು ಕ್ಲೌಡ್ ಕರಾರುಗಳಲ್ಲಿ ಬರೆದಿರುತ್ತದೆ. ದಂಡದ ರಸೀದಿಯಲ್ಲಿ ಮಾತ್ರ ಒಬ್ಬರದೇ ಹೆಸರು.

ಇನ್ನು ಗಮನಕ್ಕೆ ಬಂದೇಬಿಟ್ಟರೆ? ಅದಕ್ಕೆ ಊಬರ್ ದಾರಿ ತೋರಿಸಿದೆ. 2016ರಲ್ಲಿ 5.7 ಕೋಟಿ ಜನರ ಮಾಹಿತಿ ಕದ್ದವರಿಗೆ 1 ಲಕ್ಷ ಡಾಲರ್ ಕೊಟ್ಟು, ಅದನ್ನು 'ದೋಷ ಹುಡುಕಿದ್ದಕ್ಕೆ ಬಹುಮಾನ' ಎಂದು ಲೆಕ್ಕಕ್ಕೆ ಬರೆದುಕೊಂಡರು. ಕನ್ನ ಹಾಕಿದವರಿಗೆ ಇನಾಮು! ಲೋಕಕ್ಕೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಕಳ್ಳತನ ನಡೆದಾಗ ಕಂಪನಿಯ ಭದ್ರತಾ ಮುಖ್ಯಸ್ಥನಾಗಿದ್ದವನು ಅಪರಾಧಿ ಎಂದು 2022ರಲ್ಲಿ ಸಾಬೀತಾಯಿತು.

ಆದರೆ ಈ ಕಲೆಯ ಮೇರುಕೃತಿ ಮೈಕ್ರೋಸಾಫ್ಟಿನದು. 2023ರ ಮೇ ತಿಂಗಳಲ್ಲಿ ಚೀನಾ ಮೂಲದ ಹ್ಯಾಕರ್‌ಗಳು ಅದರ ಕ್ಲೌಡ್ ಇಮೇಲಿಗೆ ನುಗ್ಗಿದರು. ಅವರ ಕೈಯಲ್ಲಿದ್ದದ್ದು 2016ರಲ್ಲಿ ಸೃಷ್ಟಿಯಾದ ಒಂದು ಡಿಜಿಟಲ್ ಕೀಲಿ. 2021ರಲ್ಲೇ ನಿವೃತ್ತಿಯಾಗಬೇಕಿತ್ತು, ಯಾರೋ ಸೇವಾ ವಿಸ್ತರಣೆ ಕೊಟ್ಟ ಹಾಗಿತ್ತು. ಸಾಮಾನ್ಯ ಬಳಕೆದಾರರ ಖಾತೆಗೆಂದು ಮಾಡಿದ ಆ ಕೀಲಿ ಅಮೆರಿಕದ ವಾಣಿಜ್ಯ ಸಚಿವೆಯ ಅಂಚೆಪೆಟ್ಟಿಗೆಯನ್ನೂ, ಚೀನಾದಲ್ಲಿದ್ದ ಅಮೆರಿಕದ ರಾಯಭಾರಿಯ ಅಂಚೆಪೆಟ್ಟಿಗೆಯನ್ನೂ ಸಲೀಸಾಗಿ ತೆರೆಯಿತು. ವಿದೇಶಾಂಗ ಇಲಾಖೆಯೊಂದರಿಂದಲೇ ಸುಮಾರು 60,000 ಇಮೇಲ್ ಹೋದವು.

ಪತ್ತೆ ಮಾಡಿದ್ದು ಮೈಕ್ರೋಸಾಫ್ಟ್ ಅಲ್ಲ, ಅದೇ ವಿದೇಶಾಂಗ ಇಲಾಖೆ. ಅಂಚೆಪೆಟ್ಟಿಗೆಯನ್ನು ಯಾರು ಯಾವಾಗ ತೆರೆದರು ಎಂದು ತೋರಿಸುವ ವಿಶೇಷ ಲಾಗ್‌ಗೆ ಅದು ಹೆಚ್ಚಿನ ದರದ ಯೋಜನೆಯಡಿ ದುಡ್ಡು ಕಟ್ಟಿತ್ತು. ಕಟ್ಟದವರಿಗೆ ಅದು ಕಾಣುತ್ತಲೇ ಇರಲಿಲ್ಲ. ಲಾಡ್ಜಿನವನು ಬೀಗವನ್ನು ಬಾಡಿಗೆಯಲ್ಲೇ ಸೇರಿಸಿ, ಕಳ್ಳ ಬಂದುಹೋದ ಸಿಸಿಟಿವಿ ನೋಡಬೇಕಾದರೆ ಬೇರೆ ಚಾರ್ಜು ಹಾಕಿದಂತೆ. ಗದ್ದಲವೆದ್ದ ಮೇಲೆ, ಆ ಲಾಗ್ ಇನ್ನು ಮುಂದೆ ಹೆಚ್ಚಿನ ಗ್ರಾಹಕರಿಗೆ ಉಚಿತ ಎಂದು ಘೋಷಿಸಿದರು. ಉದಾರ ಮನಸ್ಸು!

ಕೀಲಿ ಕಳ್ಳರ ಕೈಗೆ ಸಿಕ್ಕಿದ್ದಾದರೂ ಹೇಗೆ? ಕೆಟ್ಟು ನಿಂತ ಕಂಪ್ಯೂಟರಿನ ಮೆಮೊರಿ ನಕಲಿನಲ್ಲಿ ಸೇರಿಹೋಗಿದ್ದಿರಬೇಕು ಎಂದು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ವಿವರಣೆ ಕೊಟ್ಟಿತು. ಓದಿದವರು ತಲೆದೂಗಿದರು, ಎಂಥ ಪಾರದರ್ಶಕತೆ ಎಂದರು. ಕೀಲಿಯಿದ್ದ ಅಂಥ ನಕಲು ನಮಗೆ ಸಿಕ್ಕಿಯೇ ಇಲ್ಲ ಎಂಬ ತಿದ್ದುಪಡಿ ಬಂದದ್ದು 2024ರ ಮಾರ್ಚಿನಲ್ಲಿ. ಅದೂ ಅಮೆರಿಕ ಸರ್ಕಾರದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ ಮತ್ತೆಮತ್ತೆ ಕೇಳಿದ ಮೇಲೆ. ದಾಳಿ ಗಮನಕ್ಕೆ ಬಾರದಿದ್ದರೆ ಒಪ್ಪಬಹುದು. ಉತ್ತರ ತಪ್ಪೆಂದು ಗೊತ್ತಿದ್ದೂ ತಿಂಗಳುಗಟ್ಟಲೆ ಗೋಡೆಗೆ ಅಂಟಿಸಿಡಲು ಬೇರೆಯೇ ತರಬೇತಿ ಬೇಕು.

ಆ ಮಂಡಳಿ 2024ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ತಪ್ಪಿಸಬಹುದಾಗಿದ್ದ ತಪ್ಪುಗಳ ಸರಮಾಲೆಯೇ ಇದಕ್ಕೆ ಕಾರಣ ಎಂದು ಮುಲಾಜಿಲ್ಲದೆ ಬರೆಯಿತು. ಇಂಥ ಮಾತಿಗೆ ತಕ್ಷಣ ಕ್ರಮ ಆಗಬೇಕಲ್ಲವೇ? ಆಯಿತು. 2025ರ ಜನವರಿಯಲ್ಲಿ ಅಮೆರಿಕದ ಹೊಸ ಸರ್ಕಾರ ಬಂದ ವಾರದಲ್ಲೇ ಮಂಡಳಿಯ ಸದಸ್ಯರನ್ನು ಮನೆಗೆ ಕಳಿಸಲಾಯಿತು. ಅವರು ಆಗ ಇನ್ನೊಂದು ದಾಳಿಯ ತನಿಖೆಯಲ್ಲಿದ್ದರು: ಚೀನಾದ ಹ್ಯಾಕರ್‌ಗಳು ಅಮೆರಿಕದ ಟೆಲಿಫೋನ್ ಕಂಪನಿಗಳೊಳಗೇ ಬಿಡಾರ ಹೂಡಿದ್ದ ಪ್ರಕರಣದ ತನಿಖೆ.