ಮಣಿಬಂಧಘಟಿಕಾಸ್ವಾಮ್ಯಮೀಮಾಂಸೆ

ಮಹಾರ್ಘವಾದ ಕ್ರೀಡಾಘಟಿಕೆಯನ್ನು ದೀರ್ಘಕಾಲ ಇಟ್ಟುಕೊಂಡವರ ಲಕ್ಷಣಗಳನ್ನು ನಿರೂಪಿಸುವ ಶಾಸ್ತ್ರವೊಂದನ್ನು ಇಲ್ಲಿ ಪ್ರವರ್ತಿಸಲಾಗಿದೆ. ಕ್ಷೇತ್ರ: ಅರಸೀಕೆರೆ, ಬೇಲೂರು, ಹಳೇಬೀಡು. ಲಕ್ಷ್ಯ: ಅರಸೀಕೆರೆಯ ಕೊಬ್ಬರಿ ವರ್ತಕರೊಬ್ಬರಲ್ಲಿ ಎಂಟು ವರ್ಷಗಳಿಂದಿರುವ ಸ್ವಿಸ್ ವಾಚು, ಟೈಟಾನಿಯಂ ಕವಚ, ಸೆರಾಮಿಕ್ ಬಳೆ, ನೀಲಮಣಿ ಗಾಜು, 300 ಮೀಟರ್ ಜಲಸಹಿಷ್ಣುತೆ.

ಸ್ವಾಮ್ಯವೆಂದರೆ ವಸ್ತುವನ್ನು ಅದರ ಪ್ರಯೋಜನದಿಂದ ಕಾಪಾಡುವ ವ್ಯಾಪಾರ. ಇದು ತ್ರಿವಿಧ.

1. ಜಲಭೀರು. ಊಟವಾದ ಮೇಲೆ ಕೈತೊಳೆಯುವ ಮುನ್ನ ವಾಚು ಬಿಚ್ಚುವುದು ಇದರ ಲಕ್ಷಣ. ತೊಳೆಯಬೇಕಾದದ್ದು ಬಲಗೈ, ವಾಚಿರುವುದು ಎಡಗೈಯಲ್ಲಿ. ಆದರೆ ನಲ್ಲಿ ತಿರುಗಿಸುವುದು ಎಡಗೈಯಾದ್ದರಿಂದ ಸಿಂಚನದೋಷ ಪ್ರಾಪ್ತವಾಗುತ್ತದೆ. ಬಿಚ್ಚಬೇಕಾದದ್ದು ಬಲಗೈ, ಅದಕ್ಕೆ ಸಾರು ಅಂಟಿದೆ. ಈ ಅನ್ಯೋನ್ಯಾಶ್ರಯದಿಂದ ಎರಡು ಉಪಭೇದಗಳು ಹುಟ್ಟುತ್ತವೆ: (ಅ) ಭೋಜನಪೂರ್ವಮೋಚನ, ಅಂದರೆ ಎಲೆಯ ಮುಂದೆ ಕೂರುವಾಗಲೇ ಬಿಚ್ಚಿ ಜೇಬಿಗಿಳಿಸುವುದು, (ಆ) ಪುತ್ರಸಾಪೇಕ್ಷಮೋಚನ, ಅಂದರೆ "ಲೋ, ಬಾರೋ ಇಲ್ಲಿ" ಎಂದು ಮಗನನ್ನು ಕರೆದು ಮುಂಗೈ ಚಾಚುವುದು. ಎರಡನೆಯದೇ ಪ್ರಬಲವೆಂದು ನಮ್ಮ ಮತ. 300 ಮೀಟರ್ ಆಳವನ್ನು ಪರೀಕ್ಷಿಸಲು ಕ್ಷೇತ್ರದಲ್ಲಿ ಜಲವಿಲ್ಲ. ಹಳೇಬೀಡಿನ ಪ್ರಾಚೀನ ನಾಮ ದ್ವಾರಸಮುದ್ರವಾದರೂ ಅಲ್ಲಿರುವುದು ಕೆರೆ.

2. ಶಿಲಾಭೀರು. 1117ರಲ್ಲಿ ಪ್ರತಿಷ್ಠಿತನಾದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಇವರು ಎಡಗೈಯನ್ನು ಎದೆಗವಚಿ ಪ್ರದಕ್ಷಿಣೆ ಬರುತ್ತಾರೆ, ಕಂಬಕ್ಕೆ ವಾಚು ತಗುಲೀತೆಂದು. ಆದರೆ ಬಳಪದ ಕಲ್ಲಿನ ಮುಖ್ಯ ಖನಿಜ ಟಾಲ್ಕಿನ ಕಾಠಿಣ್ಯ ಮೋಸ್ ಮಾನದಲ್ಲಿ 1, ನೀಲಮಣಿಯದು 9. ಭಯಪಡತಕ್ಕದ್ದು ಕಂಬ. ಪೂರ್ವಪಕ್ಷ: ಸೆರಾಮಿಕ್ ಗಡುಸಾದರೂ ಪೆಡಸು, ನೆಲಕ್ಕೆ ಬಿದ್ದರೆ ಸೀಳೀತು. ಒಪ್ಪಿದೆವು. ಆದರೆ ಬೀಳುವ ಸಂಭವವಿರುವುದು ಬಿಚ್ಚುವಾಗ. ಅದು ಪ್ರಥಮವಿಧದ ವಿಷಯ. ಕವಚದ ಮೇಲಿನ ಏಕೈಕ ಗೀರು ಮಂಡಿಯ ಕಬ್ಬಿಣದ ಚಿಲಕದಿಂದಾದದ್ದು. ಅದನ್ನು ತೋರಿಸುವಾಗ ವರ್ತಕರು ಕನ್ನಡಕ ಹಾಕಿಕೊಳ್ಳುತ್ತಾರೆ.

3. ಮಂಜೂಷಾಸ್ಥ. ವಾಚಿನ ಸ್ವಯಂಚಾಲಿತ ಯಂತ್ರವು ಕೈಯ ಅಲುಗಾಟವಿಲ್ಲದೆ 70 ಗಂಟೆ ಮಾತ್ರ ಓಡುತ್ತದೆ. ಭಾನುವಾರ ರಾತ್ರಿ 9ಕ್ಕೆ ಬೀರು ಸೇರಿದ್ದು ಬುಧವಾರ ಸಂಜೆ 7ಕ್ಕೆ ನಿಲ್ಲುತ್ತದೆ. ಮಿಕ್ಕ ದಿನಗಳಲ್ಲಿ ವರ್ತಕರು ತಂದೆಯವರ ಎಚ್‌ಎಂಟಿ ಜನತಾ ಕಟ್ಟುತ್ತಾರೆ. ದಿನವೂ ಬೆಳಿಗ್ಗೆ ಕೀಲಿ ಕೊಡುತ್ತಾರೆ, ಅದನ್ನು ಕಟ್ಟಿಕೊಂಡೇ ಕೈತೊಳೆಯುತ್ತಾರೆ. ಇದು ಸ್ವಾಮ್ಯವಲ್ಲ, ಕೇವಲ ಬಳಕೆ, ಆದುದರಿಂದ ಶಾಸ್ತ್ರಬಾಹ್ಯ.

ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಸರ್ಕಾರ ನಿರ್ಧರಿಸಿದ್ದು 2016ರಲ್ಲಿ. ಕಳೆದ ಭಾನುವಾರ ಬೆಳಿಗ್ಗೆ ಅರಸೀಕೆರೆ ನಿಲ್ದಾಣದಲ್ಲಿ ನೋಡಿದಾಗ ಸ್ವಿಸ್ ವಾಚಿನ ಕಿಂಡಿಯಲ್ಲಿ ಇನ್ನೂ ಬುಧವಾರದ ತಾರೀಕಿತ್ತು.