ಎರಡು ಗಂಟೆಯ ಜರ್ಮನ್ ಪಂಡಿತ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ, ತತ್ತ್ವಶಾಸ್ತ್ರ, ಧರ್ಮ, ಕಲೆ ಮುಂತಾದ ವಿಷಯಗಳಲ್ಲಿ ಪಿಎಚ್‌ಡಿ ಮಾಡುವವರ ನಡುವೆ ಒಬ್ಬ ಪಂಡಿತ ಸಿಕ್ಕೇ ಸಿಗುತ್ತಾನೆ. ಇವನಿಗೆ ಜರ್ಮನ್ ಬರುತ್ತದೆ. ಬರುತ್ತದೆ ಎನ್ನುವುದಕ್ಕೆ ವಿಭಾಗದ ಕಡತದಲ್ಲಿ ಸಹಿ ಬಿದ್ದ ಕಾಗದವೇ ಇದೆ. ಹೆಗೆಲ್‌ನ ಬಗ್ಗೆ ಒಂದು ಪುಟ, ಒಂದು ದಪ್ಪ ಡಿಕ್ಷನರಿ, ಎರಡು ಗಂಟೆ ಕಾಲಾವಕಾಶ, ಇಷ್ಟು ಕೊಟ್ಟರೆ ಸಾಕು, ಹೇಗೋ ಇಂಗ್ಲಿಷಿಗೆ ಇಳಿಸಿಕೊಡುತ್ತಾನೆ. ಆದರೆ ಜರ್ಮನ್ನನೊಬ್ಬ ಎದುರಿಗೆ ಬಂದು ಗಂಟೆ ಎಷ್ಟಾಯಿತೆಂದು ಕೇಳಿದರೆ ಇವನ ಬಾಯಿ ಕಟ್ಟುತ್ತದೆ. ಈ ಮಹಾನುಭಾವನನ್ನು ಕಂಡು ನಕ್ಕವರು ಬಹಳ ಮಂದಿ. ಮೋಸಗಾರ ಎಂದವರೂ ಉಂಟು. ನಗುವುದಕ್ಕೆ ನನ್ನ ತಕರಾರಿಲ್ಲ, ಮೋಸಗಾರ ಎನ್ನುವುದಕ್ಕೆ ಇದೆ. ಪಿಎಚ್‌ಡಿಗೆ ವಿದೇಶಿ ಭಾಷೆಯೊಂದನ್ನು ಓದಲು ಬರಬೇಕೆಂಬ ನಿಯಮ ಎಷ್ಟು ಕೇಳಿತೋ ಅಷ್ಟನ್ನು, ಒಂದು ಗುಲಗಂಜಿಯೂ ಹೆಚ್ಚುಕಡಿಮೆಯಾಗದಂತೆ ತೂಗಿ ಕೊಟ್ಟ ಪ್ರಾಮಾಣಿಕ ಅವನು.

ನಿಯಮ ಹುಟ್ಟಿದಾಗ ಅದಕ್ಕೆ ಅರ್ಥವಿತ್ತು. ಅಮೆರಿಕದಲ್ಲಿ ಮೊದಲ ಪಿಎಚ್‌ಡಿಗಳನ್ನು ಯೇಲ್ ಕೊಟ್ಟದ್ದು 1861ರಲ್ಲಿ. ಜರ್ಮನ್ ಮಾದರಿಯನ್ನೇ ಎದುರಿಗಿಟ್ಟುಕೊಂಡು ಜಾನ್ಸ್ ಹಾಪ್ಕಿನ್ಸ್ ಶುರುವಾದದ್ದು 1876ರಲ್ಲಿ. ಆ ಕಾಲದ ಪ್ರೊಫೆಸರುಗಳಲ್ಲಿ ಅನೇಕರು ಬರ್ಲಿನ್ನಿನಲ್ಲೋ ಲೈಪ್‌ಜಿಗ್‌ನಲ್ಲೋ ಓದಿ ಬಂದವರು. ಹೊಸ ಸಂಶೋಧನೆಯ ದೊಡ್ಡ ಪಾಲು ಜರ್ಮನ್ನಿನಲ್ಲೂ ಫ್ರೆಂಚಿನಲ್ಲೂ ಅಚ್ಚಾಗುತ್ತಿದ್ದಾಗ, ಆ ಎರಡೂ ಬಾರದವನಿಗೆ ಡಾಕ್ಟರ್ ಎಂಬ ಪದವಿ ಕೊಡುವುದಾದರೂ ಹೇಗೆ? ಆಮೇಲೆ ಎರಡು ಮಹಾಯುದ್ಧಗಳು ಬಂದವು, ವಿದ್ವತ್ತಿನ ಸಂತೆ ನಿಧಾನವಾಗಿ ಇಂಗ್ಲಿಷಿಗೆ ಸ್ಥಳಾಂತರವಾಯಿತು, ನಿಯಮ ಮಾತ್ರ ಅಪ್ಪ ನೆಟ್ಟ ಆಲದ ಮರವಾಗಿ ನಿಂತಿತು. ಕಡಿಯಲು ಯಾರಿಗೂ ಧೈರ್ಯವಿಲ್ಲ, ಹಾಗಾಗಿ ಕೊಂಬೆ ಸವರಿದರು. 1960-70ರ ದಶಕಗಳಲ್ಲಿ ಕೆಲವು ವಿಭಾಗಗಳು ವಿದೇಶಿ ಭಾಷೆಯ ಬದಲು ಕಂಪ್ಯೂಟರ್ ಭಾಷೆಯೂ ಆದೀತು ಎಂದವು. ಫೋರ್ಟ್ರಾನ್ ಕಲಿತವನಿಗೆ ಫ್ರೆಂಚ್ ಮಾಫಿ! ಗಣಿತದವರ ಸುಖ ಇನ್ನೊಂದು ಬಗೆಯದು. 1960ರಿಂದ ಹೊರಬಂದ ಗ್ರೋಥೆಂಡೀಕ್‌ನ ಬೀಜಗಣಿತೀಯ ಜ್ಯಾಮಿತಿಯ ಸಂಪುಟಗಳು ಫ್ರೆಂಚಿನಲ್ಲಿವೆ, ಆದ್ದರಿಂದ ಅವರಿಗೆ ಭಾಷೆ ನಿಜಕ್ಕೂ ಬೇಕು; ಆದರೆ ಗಣಿತದ ಪುಟದಲ್ಲಿ ಸೂತ್ರಗಳೇ ಅರ್ಧ ತುಂಬಿಕೊಂಡಿರುವುದರಿಂದ, ಸೂತ್ರ ಓದಿ ನಡುವಿನ ಫ್ರೆಂಚನ್ನು ಊಹಿಸಿದರೂ ಪಾಸಾಗಬಹುದು.

ಪರೀಕ್ಷೆಯ ತಯಾರಿ ಸಾಮಾನ್ಯವಾಗಿ ಬೇಸಿಗೆ ರಜೆಯದು. ಓದಲಿಕ್ಕಷ್ಟೇ ಕಲಿಸುವ ತರಗತಿಗಳಿವೆ, ಅದಕ್ಕೆಂದೇ ಬರೆದ ವ್ಯಾಕರಣಗಳಿವೆ. ಅವುಗಳಲ್ಲೊಂದರ ಹೆಸರೇ 'ಜರ್ಮನ್ ಕ್ವಿಕ್ಲಿ'. ಉಚ್ಚಾರಣೆಗೆ ಅಲ್ಲಿ ಹೆಚ್ಚು ಸಮಯವಿಲ್ಲ, ಸಂಭಾಷಣೆಗೆ ಇಲ್ಲವೇ ಇಲ್ಲ. ಪರೀಕ್ಷೆಯ ದಿನ ನಮ್ಮ ಪಂಡಿತನ ಎಡಗೈ ಡಿಕ್ಷನರಿಯ ಹಾಳೆಗಳ ನಡುವೆ ಬೆರಳು ಸಿಕ್ಕಿಸಿಕೊಂಡಿರುತ್ತದೆ, ಬಲಗೈ ಬರೆಯುತ್ತಿರುತ್ತದೆ, ಕಣ್ಣು ಗೋಡೆ ಗಡಿಯಾರದ ಮೇಲೆ. ಜರ್ಮನ್ನಿನಲ್ಲಿ 'ಹ್ಯೋರೆನ್' ಎಂದರೆ ಕೇಳಿಸಿಕೊಳ್ಳು. ಅದಕ್ಕೆ 'ಔಫ್' ಅಂಟಿದರೆ ನಿಲ್ಲಿಸು. ಚೇಷ್ಟೆ ಎಲ್ಲಿದೆಯೆಂದರೆ, ವಾಕ್ಯದೊಳಗೆ ಈ ಔಫ್ ಕಳಚಿಕೊಂಡು ಹೋಗಿ ಕಟ್ಟಕಡೆಯಲ್ಲಿ ಕೂರುತ್ತದೆ. ಪಂಡಿತ ಮೂರು ಸಾಲಿನುದ್ದಕ್ಕೂ ತತ್ತ್ವಜ್ಞಾನಿಯೊಬ್ಬನನ್ನು ಏನನ್ನೋ ತದೇಕಚಿತ್ತದಿಂದ ಆಲಿಸುವಂತೆ ಮಾಡಿ, ಪೂರ್ಣವಿರಾಮದ ಹತ್ತಿರ ಬಂದಾಗ ಆ ಪುಟ್ಟ ಔಫ್ ಕಣ್ಣಿಗೆ ಬಿದ್ದು, ಎಲ್ಲ ಹೊಡೆದುಹಾಕುತ್ತಾನೆ. ತತ್ತ್ವಜ್ಞಾನಿ ಏನನ್ನೂ ಆಲಿಸುತ್ತಿರಲಿಲ್ಲ, ಬರೆಯುವುದನ್ನೇ ಬಿಟ್ಟಿದ್ದ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತದೆ. ಫಲಿತಾಂಶ ಬಂದ ಸಂಜೆಯೇ ಡಿಕ್ಷನರಿ ಜೂನಿಯರ್ ವಿದ್ಯಾರ್ಥಿಯ ಕೈ ಸೇರುತ್ತದೆ, ಜೊತೆಗೆ ಜರ್ಮನ್ನೂ.

ಇದೇ ಸಾಲಿನಲ್ಲಿ ಕೆಲವೊಮ್ಮೆ ನಮ್ಮ ಕಡೆಯವನೂ ಕೂತಿರುತ್ತಾನೆ, ಸಂಸ್ಕೃತವನ್ನೋ ದಕ್ಷಿಣ ಭಾರತದ ಧರ್ಮಗಳನ್ನೋ ಓದಲು ಹೋದವನು. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಹಿಂದಿ, ಪಾಠಶಾಲೆಯಲ್ಲಿ ಸಂಸ್ಕೃತ, ಅರ್ಜಿಯಲ್ಲಿ ಇಂಗ್ಲಿಷ್. ಇಷ್ಟಾದ ಮೇಲೂ ಅವನಿಗೆ ಭಾಷೆ ಸಾಲದು. ಕನ್ನಡ, ಸಂಸ್ಕೃತಗಳು ಆಕರಗಳ ಭಾಷೆ, ಜರ್ಮನ್ ವಿದ್ವತ್ತಿನ ಭಾಷೆ ಎಂದು ಖಾತೆಗಳೇ ಬೇರೆ. ಇದು ಬರೀ ದರ್ಪ ಎಂದು ಸಿಡಿಮಿಡಿಗೊಳ್ಳುವವರಿಗೆ ನಾನು ಪೂರ್ತಿ ತಲೆಯಾಡಿಸಲಾರೆ. ಬ್ಯೋಟ್ಲಿಂಗ್ ಮತ್ತು ರೋಟ್ 1855ರಿಂದ 1875ರವರೆಗೆ ಏಳು ಸಂಪುಟಗಳಲ್ಲಿ ತಂದ ಸೇಂಟ್ ಪೀಟರ್ಸ್‌ಬರ್ಗ್ ಸಂಸ್ಕೃತ ನಿಘಂಟು ಇರುವುದು ಜರ್ಮನ್ನಿನಲ್ಲಿ. ಗೆಲ್ಡ್ನರ್‌ನ ಋಗ್ವೇದ ಅನುವಾದವನ್ನು 1951ರಲ್ಲಿ ಹಾರ್ವರ್ಡ್ ತನ್ನ ಮಾಲೆಯಲ್ಲೇ ಹೊರತಂದಿತು, ಅದೂ ಜರ್ಮನ್ನಿನಲ್ಲೇ. ವೇದ ಓದಲು ಹೊರಟ ಉಡುಪಿಯ ಹುಡುಗ ಜರ್ಮನ್ ಕಲಿಯಬೇಕಾದದ್ದು ತಮಾಷೆಯಾಗಿ ಕಂಡರೂ ಅನ್ಯಾಯವಲ್ಲ. ಮೇಲಾಗಿ ಅವನಿಗೆ ಕೆಲವು ರಿಯಾಯಿತಿಗಳು ಹುಟ್ಟಿನಿಂದಲೇ ಬಂದಿವೆ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆಂದು ಅಮೆರಿಕದವರು ಕಂಗಾಲಾಗುವಾಗ ಇವನಿಗೆ ಮನೆಗೆ ಬಂದಂತಿರುತ್ತದೆ. ಮಾರುದ್ದದ ಜರ್ಮನ್ ಪದ ಎದುರಾದರೆ ಸಮಾಸ ಬಿಡಿಸಿದಂತೆ ಬಿಡಿಸಿ ಮುಂದೆ ಹೋಗುತ್ತಾನೆ. ಆದರೂ ಕಾಗದ ಕೈಗೆ ಬಂದ ಮೇಲೆ ಅವನೂ ಉಳಿದವರಂತೆಯೇ. ಗೆಲ್ಡ್ನರ್ ಕಪಾಟಿನಲ್ಲಿ, ಇಂಗ್ಲಿಷ್ ಅನುವಾದ ಮೇಜಿನ ಮೇಲೆ.

ಓದಲು ಬಂದರೆ ಸಾಕು, ಮಾತಾಡಿ ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ಸರಿಯಾದ ಮಾತು, ನಮ್ಮಲ್ಲಿ ಸಂಸ್ಕೃತದ ಎಷ್ಟೋ ಘನವಿದ್ವಾಂಸರು ಆ ಭಾಷೆಯಲ್ಲಿ ತರಕಾರಿ ಕೊಂಡವರಲ್ಲ. ಆದರೆ ಅವರು ದಿನವೂ ಓದುತ್ತಾರೆ. ನಮ್ಮ ಪಂಡಿತ ಓದಿದ್ದು ಒಂದು ಪುಟ, ಅದೂ ಬೇರೆಯವರು ಆರಿಸಿಕೊಟ್ಟದ್ದು. ಈಗ ಅನುವಾದ ಮಾಡುವ ಯಂತ್ರಗಳಿವೆ, ಪರೀಕ್ಷೆಯನ್ನೇ ತೆಗೆದುಹಾಕಿ ಎನ್ನುವವರೂ ಇದ್ದಾರೆ. ಯಂತ್ರ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿಯೇ ಹೇಳೀತು ಎಂದಿಟ್ಟುಕೊಳ್ಳೋಣ. ಹತ್ತನೆಯ ಸಲ 'ಅಲ್ಲ' ಎಂಬುದೊಂದನ್ನು ನುಂಗಿದರೆ ಹಿಡಿಯಬೇಕಾದವನು ಓದುಗ. ಹಿಡಿಯುವಷ್ಟು ಭಾಷೆ ಬೇಕು, ಹಿಡಿಯುವ ಅಭ್ಯಾಸ ಅದಕ್ಕಿಂತ ಹೆಚ್ಚು ಬೇಕು, ಮತ್ತು ಎರಡು ಗಂಟೆಯ ಪರೀಕ್ಷೆ ಅಳೆಯದೆ ಬಿಡುವುದು ಈ ಅಭ್ಯಾಸವನ್ನೇ.

ಹಾಗಾದರೆ ಅಳೆಯುವುದು ಹೇಗೆ ಎಂದರೆ ಉಪಾಯವೇನೋ ಇದೆ. ಪ್ರಬಂಧದ ಅಡಿಟಿಪ್ಪಣಿಗಳಲ್ಲಿ ಜರ್ಮನ್ ಗ್ರಂಥಗಳು ಸಾಲುಸಾಲಾಗಿ ನಿಂತಿರುತ್ತವೆ, ಹೆಚ್ಚಿನವು ಇನ್ನೊಬ್ಬರ ಅಡಿಟಿಪ್ಪಣಿಯಿಂದ ನೇರವಾಗಿ ನಡೆದುಬಂದವು. ಮೌಖಿಕ ಪರೀಕ್ಷೆಯ ದಿನ ಅವುಗಳಲ್ಲೊಂದನ್ನು ಬೆರಳಿಟ್ಟು ತೋರಿಸಿ, ಆ ಪುಟದಲ್ಲಿ ಲೇಖಕ ಹೇಳಿರುವುದೇನು, ನೀನು ಒಪ್ಪುತ್ತೀಯಾ ಎಂದು ಕೇಳಿದರಾಯಿತು. ಡಿಕ್ಷನರಿ ಬೇಡ, ಗಡಿಯಾರವೂ ಬೇಡ. ಅಡಚಣೆ ಒಂದೇ: ಕೇಳುವ ಪ್ರೊಫೆಸರೂ ಆ ಪುಟ ಓದಿರಬೇಕಾಗುತ್ತದೆ. ಅವರದೂ ಅದೇ ಎರಡು ಗಂಟೆಯ ಜರ್ಮನ್ ಆಗಿರುವುದರಿಂದ ಈ ಸುಧಾರಣೆ ವಿಭಾಗದ ಸಭೆಯಲ್ಲಿ ಸದ್ಯಕ್ಕೆ ಪಾಸಾಗುವ ಲಕ್ಷಣವಿಲ್ಲ.