ಹತ್ತಿದರೆ ಬಿಡದ ಕ್ರಿಯಾಪದ

ಒಂದೇ ಕ್ರಿಯಾಪದವು ಸಂದರ್ಭಕ್ಕೆ ತಕ್ಕಂತೆ ಹಲವು ಅರ್ಥಗಳನ್ನು ತಾಳುವ ಗುಣವನ್ನು ಭಾಷಾಶಾಸ್ತ್ರವು ಬಹ್ವರ್ಥಕತೆಯೆಂದು ಕರೆಯುತ್ತದೆ. ಸ್ಪ್ಯಾನಿಶ್ ಕಲಿಯುವವರನ್ನು ಕಾಡುವ ‘ಪ್ರೆಂದೆರ್’ ಎಂಬ ಧಾತು ಇದಕ್ಕೊಂದು ನಿದರ್ಶನ: ಕಳ್ಳನನ್ನು ಹಿಡಿಯುವುದು, ನೆಟ್ಟ ಸಸಿ ಬೇರೂರುವುದು, ಸೌದೆಗೆ ಬೆಂಕಿ ತಗಲುವುದು, ಎಲ್ಲವೂ ಅದರ ಪಾಲಿಗೆ ಒಂದೇ ಕೆಲಸ. ಇಂಥ ಕಾಟವನ್ನು ಅನುಭವಿಸಲು ಕನ್ನಡಿಗನು ಸ್ಪೇನಿನವರೆಗೆ ಹೋಗಬೇಕಾಗಿಲ್ಲ. ಮೈಸೂರು ಸೀಮೆಯಿಂದ ವರ್ಗವಾಗಿ ಯಾದಗಿರಿ ರೈಲು ನಿಲ್ದಾಣದಲ್ಲಿ ಇಳಿದರೆ ಸಾಕು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾದ ಮೇಲೆ, ಸರ್ಕಾರಿ ಆದೇಶದ ಬಲದಿಂದಲೇ ಅಲ್ಲಿಗೆ ಬಂದು, ತಮ್ಮ ಮಾತೃಭಾಷೆಯನ್ನೇ ಎರಡನೆಯ ಸಲ ಕಲಿಯುವ ಯೋಗವು ಹಲವು ನೌಕರರಿಗೆ ಒದಗಿತು.

ಅವರು ಮೊದಲು ಎದುರಿಸಬೇಕಾದ ಕ್ರಿಯಾಪದ ‘ಹತ್ತು’. ಏರುವುದು ಎಂಬ ಪಠ್ಯಪುಸ್ತಕದ ಅರ್ಥವನ್ನಷ್ಟೇ ನಂಬಿಕೊಂಡವನು ಯಾದಗಿರಿಯ ಕೋಟೆಯನ್ನೂ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನೂ ನಿರಾತಂಕವಾಗಿ ಹತ್ತಿ ಇಳಿಯಬಹುದಾದರೂ, ಇಳಿದ ಕೂಡಲೇ ಖಾನಾವಳಿಯಲ್ಲಿ ಬ್ಯಾಳಿ ತಳ ಹತ್ತಿರುತ್ತದೆ, ಅವನಿಗೆ ನೀರಡಿಕೆ ಹತ್ತುತ್ತದೆ, ಊಟಕ್ಕೆ ರೊಕ್ಕ ಹತ್ತುತ್ತದೆ, ಉಂಡ ಮೇಲೆ ನಿದ್ದಿ ಹತ್ತುತ್ತದೆ. ಅಷ್ಟಾಗಿಯೂ ಉಂಡದ್ದು ಮೈಗೆ ಹತ್ತವಲ್ದು ಎಂಬ ಮರುಕದ ಮಾತನ್ನು ಅವನು ಕೇಳಬೇಕಾಗುತ್ತದೆ. ಇದರ ಜೊತೆಗೆ ಸಮರೂಪ ಪದಗಳ, ಅಂದರೆ ರೂಪದಲ್ಲಿ ಒಂದಾಗಿದ್ದು ಹುಟ್ಟಿನಲ್ಲಿ ಬೇರೆಯಾದ ಪದಗಳ, ಉಪದ್ರವವೂ ಉಂಟು: ‘ಹತ್ತಕ್ಕ ಬಸ್ಸ ಹತ್ತಿದರ ಹತ್ತ ರೂಪಾಯಿ ಹತ್ತತಾವ’ ಎಂಬ ವಾಕ್ಯದಲ್ಲಿ ಎರಡು ಸಂಖ್ಯೆಗಳೂ ಎರಡು ಕ್ರಿಯೆಗಳೂ ಇವೆ, ಸುತ್ತಲಿನ ಎರೆಹೊಲದಲ್ಲಿ ಬೆಳೆಯುವ ಹತ್ತಿಯನ್ನು ಅದಕ್ಕೆ ಸೇರಿಸದಿರುವುದು ಆಡುವವರ ದೊಡ್ಡತನ.

ಆದರೆ ಈ ಗೊಂದಲದ ತಳದಲ್ಲಿ ಒಂದು ವ್ಯವಸ್ಥೆಯಿದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದಂತೆಯೇ ‘ಪತ್ತು’ ಎಂಬ ಧಾತು ‘ಹತ್ತು’ ಆಗಿದ್ದು, ಅಂಟಿಕೊಳ್ಳುವುದು ಎಂಬುದೇ ಅದರ ಹಳೆಯ ಅರ್ಥ. ಹಿಡಿ ಎಂಬರ್ಥದ ತಮಿಳಿನ ‘ಪಱ್ಱು’ ಇದರ ಜ್ಞಾತಿಪದ, ಎಂದರೆ ಒಂದೇ ಮೂಲದಿಂದ ಕವಲೊಡೆದ ಪದ. ಹೀಗೆ ನೋಡಿದರೆ ಬ್ಯಾಳಿ ಪಾತ್ರೆಗೆ ಅಂಟುತ್ತದೆ, ಬೆಂಕಿ ಕಣಿಕೆಗೆ ಅಂಟುತ್ತದೆ, ನಿದ್ದೆಯೂ ಖರ್ಚೂ ಮನುಷ್ಯನಿಗೆ ಅಂಟುತ್ತವೆ. ಇಲ್ಲಿ ಗಮನಿಸಬೇಕಾದದ್ದು ಕರ್ತೃಪದ, ಅಂದರೆ ಕೆಲಸ ಮಾಡುವವರು ಯಾರು ಎಂಬುದನ್ನು ಸೂಚಿಸುವ ಪದ. ಇಷ್ಟೆಲ್ಲ ವಾಕ್ಯಗಳಲ್ಲಿ ಮನುಷ್ಯನು ಕರ್ತೃವಾಗುವುದು ಗುಡ್ಡ ಮತ್ತು ಬಸ್ಸುಗಳ ಮುಂದೆ ಮಾತ್ರ; ಉಳಿದೆಡೆಯಲ್ಲಿ ನಿದ್ದೆ, ನೀರಡಿಕೆ, ರೊಕ್ಕಗಳೇ ಕರ್ತೃಗಳಾಗಿದ್ದು ಅವನು ಅವುಗಳಿಗೆ ಸಿಕ್ಕವನಾಗಿರುತ್ತಾನೆ. ಖರ್ಚು ಮಾಡಿದವನು ತಾನಲ್ಲ, ಖರ್ಚೇ ತನಗೆ ಹತ್ತಿತು ಎಂದು ಮನೆಯಲ್ಲಿ ಲೆಕ್ಕ ಒಪ್ಪಿಸಲು ಇದಕ್ಕಿಂತ ಅನುಕೂಲವಾದ ವ್ಯಾಕರಣ ಸಿಗಲಾರದು.

ಈ ಧಾತುವಿನ ಕೊನೆಯ ಮತ್ತು ಅತ್ಯಂತ ಸೂಕ್ಷ್ಮವಾದ ಅವತಾರವೆಂದರೆ ಸಹಾಯಕ ಕ್ರಿಯಾಪದ, ಅಂದರೆ ಸ್ವಂತ ಅರ್ಥವನ್ನು ಬಹುಪಾಲು ಬಿಟ್ಟುಕೊಟ್ಟು ಇನ್ನೊಂದು ಕ್ರಿಯೆಯ ಕಾಲಸ್ಥಿತಿಯನ್ನು ತಿಳಿಸುವ ಪದ. ‘ಬರಾಕ’ ಎಂಬುದಕ್ಕೆ ‘ಹತ್ತು’ ಸೇರಿ, ನಡುವಿನ ಹಕಾರ ಜಾರಿ, ‘ಬರಾಕತ್ತಾನ’ ಎಂದಾದಾಗ, ಬರುವ ಕೆಲಸಕ್ಕೆ ಅವನು ಅಂಟಿಕೊಂಡಿದ್ದಾನೆ, ಅಂದರೆ ಬರುತ್ತಿದ್ದಾನೆ ಎಂದರ್ಥ. ಶಹಾಪುರ, ಸುರಪುರಗಳ ಬಸ್ ನಿಲ್ದಾಣದಲ್ಲಿ ‘ಬಸ್ಸ ಬರಾಕತ್ತದ್ರಿ’ ಎಂಬ ಉತ್ತರವನ್ನು ನಂಬಿ, ಎದ್ದು ನಿಂತು, ಚೀಲವನ್ನು ಹೆಗಲಿಗೇರಿಸಿ, ಬಹಳ ಹೊತ್ತಿನ ಮೇಲೆ ಮತ್ತೆ ಕೂತ ಹೊಸಬನು ಹೇಳಿದವರನ್ನು ದೂರುವುದು ಶಾಸ್ತ್ರಸಮ್ಮತವಲ್ಲ. ಬಸ್ಸು ಬರುವುದಕ್ಕೆ ಹತ್ತಿದೆ ಎಂದಷ್ಟೇ ಆ ವಾಕ್ಯ ತಿಳಿಸುತ್ತದೆಯೇ ಹೊರತು, ಯಾವ ಊರಿನಲ್ಲಿ ಹತ್ತಿದೆ, ಇಲ್ಲಿ ಮುಟ್ಟಲು ಎಷ್ಟು ಹೊತ್ತು ಹತ್ತುತ್ತದೆ ಎಂಬ ಭರವಸೆಯನ್ನು ಅದು ಎಂದೂ ಕೊಟ್ಟಿರುವುದಿಲ್ಲ. ಅದೇ ಹೊಸಬನು ಮುಂದೊಂದು ದಿನ, ಕಚೇರಿಯ ಮೇಲಧಿಕಾರಿ ಕಡತವೆಲ್ಲಿ ಎಂದು ಕೇಳಿದಾಗ, ಕಪಾಟಿನಿಂದ ಇನ್ನೂ ತೆಗೆಯದ ಕಡತದ ಕುರಿತು ‘ನೋಡಾಕತ್ತೀನ್ರಿ ಸಾಹೇಬ್ರ’ ಎಂದು ಅಳುಕಿಲ್ಲದೆ ಉತ್ತರಿಸಿದರೆ, ಕ್ರಿಯಾಪದವು ಅವನ ತಲೆಗೆ ಪೂರ್ಣವಾಗಿ ಹತ್ತಿದೆಯೆಂದು ತೀರ್ಮಾನಿಸಬಹುದು.